ಹಿತ್ತಲಿನ ಕೋಳಿ ಗೂಡಿಗೆ ಐದು ಸಾವಿರ

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎನ್ನುವ ಗಾದೆ ಅಡುಗೆಮನೆಗೆ ಸರಿ. ಗೂಡು ಕಟ್ಟಲು ಹೊರಟವರು ಮಾತ್ರ ಕೋಳಿಯನ್ನು ಕೇಳಲೇಬೇಕು. ಜೊತೆಗೆ ಕಾಲ ಕೆಳಗಿನ ಮಣ್ಣನ್ನು, ಬೀಸುವ ಗಾಳಿಯನ್ನು, ಗೋಡೆಯಾಚೆಯ ನೆರೆಮನೆಯವರನ್ನೂ ಕೇಳಬೇಕು. ಕಿಸೆಯ ಸರದಿ ಆಮೇಲೆ. ಆದರೆ ಯಾವ ಮನೆಯಲ್ಲಿಯೂ ಲೆಕ್ಕ ಈ ಕ್ರಮದಲ್ಲಿ ನಡೆಯುವುದಿಲ್ಲ. ಗದಗ-ಬೆಟಗೇರಿಯ ನಮ್ಮ ಹಿತ್ತಲಿನಲ್ಲಿ ಐದು ಕೋಳಿಗಳಿಗೆ ಗೂಡು ಕಟ್ಟುವ ಮಾತು ಬಂದಾಗ ನಮ್ಮ ಮನೆಯವರು ಮೊದಲು ಹೇಳಿದ್ದೇ ಅಂಕಿ: ₹5,000. ಅದನ್ನು ಮೀರುವುದಾದರೆ ಕೋಳಿಯೂ ಬೇಡ, ಗೂಡೂ ಬೇಡ, ತತ್ತಿ ಅಂಗಡಿಯಿಂದಲೇ ಬರಲಿ ಎಂದರು.

ಐದು ಸಾವಿರದೊಳಗೆ ಗೂಡು ಆಗುತ್ತದೆ. ಮೊಬೈಲಿನಲ್ಲಿ ತೋರಿಸುವ ಸಿದ್ಧ ಗೂಡುಗಳಿಗೆ ಅದರ ಎಷ್ಟೋ ಪಟ್ಟು ಬೆಲೆ. ಬಣ್ಣ ಬಳಿದ ಕಿಟಕಿ, ಪುಟ್ಟ ಏಣಿ, ಮೇಲೊಂದು ಗಾಳಿಕೋಳಿ ಬೇರೆ. ಆ ಚಿತ್ರಗಳನ್ನು ನೋಡಿ ನಮ್ಮ ಗೂಡನ್ನು ನೋಡಲು ಬಂದವರಿಗೆ ನಿರಾಸೆಯಾಗುತ್ತದೆ. ಹಳೆಯ ತಗಡು, ಬಣ್ಣಬಣ್ಣದ ಹಲಗೆ, ಒಂದು ಕಾಲಿಗಿಂತ ಇನ್ನೊಂದು ಕಾಲು ದಪ್ಪ. "ಇದಕ್ಕೆ ಐದು ಸಾವಿರ ಹೇಗಾಯಿತು?" ಎಂದು ಕೇಳುತ್ತಾರೆ. ಕಣ್ಣಿಗೆ ಕಾಣುವುದೆಲ್ಲ ಬಿಟ್ಟಿಯದು ಅಥವಾ ಗುಜರಿಯದು. ದುಡ್ಡು ಹೋಗಿರುವುದು ಜಾಲರಿಗೆ, ಚಿಲಕಕ್ಕೆ, ಬಿಜಾಗರಿಗೆ, ಕಾಲುಗಳ ಬುಡಕ್ಕೆ.

ನನ್ನ ತವರು ರೋಣ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಅವ್ವನ ಕೋಳಿ ಗೂಡಿಗೆ ಖರ್ಚು ಎನ್ನುವುದೇ ಇರಲಿಲ್ಲ. ಮನೆಯ ಮುಂದಿನ ಕಟ್ಟೆ ಕಟ್ಟುವಾಗಲೇ ಅದರ ಹೊಟ್ಟೆಯಲ್ಲಿ ಮೊಳದಗಲದ ಗೂಡು ಬಿಟ್ಟಿದ್ದರು. ಸಂಜೆಯಾದರೆ ಕೋಳಿಗಳು ತಾವಾಗಿಯೇ ಒಳಗೆ ಹೋಗುತ್ತಿದ್ದವು. ಅವ್ವ ಅದರ ಬಾಯಿಗೆ ಒಂದು ಫರಸಿ ಕಲ್ಲು ಒರಗಿಸಿ, ಅದು ಜಾರದಂತೆ ಒಂದು ಗುಂಡುಕಲ್ಲು ಆನಿಸುತ್ತಿದ್ದಳು. ಮರಿಗಳ ತಾಯಿಯಾದರೆ ಬಿದಿರಿನ ಬುಟ್ಟಿಯ ಕೆಳಗೆ, ಬುಟ್ಟಿಯ ಮೇಲೆ ಮತ್ತೊಂದು ಕಲ್ಲು. ಆ ಗೂಡಿಗೆ ಗಾಳಿ ಸಾಲದು, ಬೆಳಕು ಮೊದಲೇ ಇಲ್ಲ, ಗೊಬ್ಬರ ಬಳಿಯಲು ಕೈ ಒಳಗೆ ಪೂರ್ತಿ ಹೋಗುವುದೂ ಇಲ್ಲ. ಇಂದು ಯಾವ ಪಶುವೈದ್ಯರೂ ಅದನ್ನು ಒಪ್ಪಲಾರರು. ಆದರೂ ಅದು ನಡೆಯಿತು, ಏಕೆಂದರೆ ಅದೇ ಕಟ್ಟೆಯ ಮೇಲೆ ಅಜ್ಜ ಮಲಗುತ್ತಿದ್ದ. ಬೇಸಿಗೆಯಲ್ಲಂತೂ ಅರ್ಧ ಓಣಿಯೇ ಹೊರಗೆ ಮಲಗುತ್ತಿತ್ತು. ಬೆಕ್ಕು ಹೆಜ್ಜೆ ಇಟ್ಟರೆ ಯಾರಾದರೊಬ್ಬರು ಕೆಮ್ಮುತ್ತಿದ್ದರು, ನಾಯಿ ಗುರ್ ಎನ್ನುತ್ತಿತ್ತು. ಈಗ ನಾವು ಬಾಗಿಲು ಹಾಕಿಕೊಂಡು ಫ್ಯಾನಿನ ಕೆಳಗೆ ಮಲಗುತ್ತೇವೆ. ಹಿತ್ತಲಿನಲ್ಲಿ ರಾತ್ರಿ ನಡೆದದ್ದು ಗೊತ್ತಾಗುವುದು ಬೆಳಗ್ಗೆ, ಚೆಲ್ಲಾಡಿದ ಪುಕ್ಕಗಳನ್ನು ನೋಡಿದಾಗ. ಜಾಲರಿಗೆ ನಾವು ಕೊಡುವ ದುಡ್ಡು ಆ ಅಜ್ಜನ ಕಾವಲಿನ ಸಂಬಳ ಎಂದು ನಾನು ಲೆಕ್ಕ ಹಿಡಿದಿದ್ದೇನೆ. ಅವನಿಗೆ ಯಾರೂ ಕೊಟ್ಟಿರಲಿಲ್ಲ. ನಮ್ಮ ಪಾಲಿಗೆ ಬಂದಿದೆ.

ಜಾಲರಿಯಲ್ಲಿ ಎರಡು ಬಗೆ. ಅಂಗಡಿಯವರು ಕೋಳಿ ಜಾಲರಿ ಎಂದು ಮೊದಲು ಬಿಚ್ಚಿ ತೋರಿಸುವುದು ಆರು ಮೂಲೆಯ ಕಣ್ಣಿನ ತೆಳು ತಂತಿಯದು. ಅಗ್ಗ, ಹಗುರ, ಬೇಕಾದಂತೆ ಬಾಗುತ್ತದೆ. ಹೆಸರು ಕೋಳಿಯದಾದರೂ ಅದರಿಂದ ಆಗುವ ಕೆಲಸ ಇಷ್ಟೇ: ಹಗಲಿನಲ್ಲಿ ಕೋಳಿ ಪಕ್ಕದ ಮನೆಯ ಕೊತ್ತಂಬರಿ ಮಡಿಗೆ ಹೋಗದಂತೆ ತಡೆಯುತ್ತದೆ. ಹೊರಗಿನಿಂದ ಬರುವವರನ್ನು ಅದು ತಡೆಯುವುದಿಲ್ಲ. ಬೀದಿ ನಾಯಿ ಕಚ್ಚಿ ಎಳೆದರೆ ಹರಿಯುತ್ತದೆ, ಬೆಕ್ಕು ಕಣ್ಣಿನೊಳಗಿಂದ ಪಂಜ ಹಾಕಿ ಕೋಳಿಯ ಕಾಲು ಹಿಡಿಯುತ್ತದೆ. ಇನ್ನೊಂದು ಬೆಸುಗೆ ಹಾಕಿದ ಚೌಕ ಕಣ್ಣಿನ ಸತುವಿನ ಲೇಪದ ಜಾಲರಿ. ಕಣ್ಣು ಅರ್ಧ ಇಂಚಿನದಾಗಿರಬೇಕು. ಒಂದು ಇಂಚಿನದು ಬೆಲೆಯಲ್ಲಿ ಕಡಿಮೆ, ನಿಜ. ಆದರೆ ಮರಿ ಹೆಗ್ಗಣಕ್ಕೂ ಹಾವಿಗೂ ಅಷ್ಟು ದಾರಿ ಸಾಕು. ನಾವು ಅರ್ಧ ಇಂಚಿನದನ್ನೇ ತಂದೆವು. ಬಜೆಟ್ಟಿನ ಸುಮಾರು ₹2,000 ಅಲ್ಲಿಗೇ ಮುಗಿಯಿತು. ಜಾಲರಿ ಮೂರು ಅಡಿ, ನಾಲ್ಕು ಅಡಿ ಅಗಲದ ಸುರುಳಿಗಳಲ್ಲಿ ಬರುತ್ತದೆ. ಗೂಡಿನ ಅಳತೆಯನ್ನು ಮೊದಲು ಗೆರೆ ಹಾಕಿ ಆಮೇಲೆ ಜಾಲರಿ ಕತ್ತರಿಸಿದರೆ ಚೂರುಗಳೇ ಕಾಲು ಪಾಲು ಉಳಿಯುತ್ತವೆ. ಸುರುಳಿಯ ಅಗಲವನ್ನೇ ಗೂಡಿನ ಎತ್ತರ ಮಾಡಿಕೊಂಡರೆ ಒಂದು ಗೇಣೂ ವ್ಯರ್ಥವಾಗುವುದಿಲ್ಲ. ನಮ್ಮ ಗೂಡು ಮೂರು ಅಡಿ ಎತ್ತರ, ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲವಾದದ್ದು ಈ ಕಾರಣಕ್ಕೆ. ಅದರಲ್ಲಿ ಸೌಂದರ್ಯಶಾಸ್ತ್ರ ಏನೂ ಇಲ್ಲ.

ಶತ್ರುಗಳಿಗೂ ವೇಳಾಪಟ್ಟಿ ಇರುತ್ತದೆ. ಮುಂಗುಸಿ ಹಗಲಿನ ಪ್ರಾಣಿ. ಮಧ್ಯಾಹ್ನ ಮನೆಯವರೆಲ್ಲ ಊಟ ಮಾಡಿ ಅಡ್ಡಾಗುವ ಹೊತ್ತಿಗೆ ಸರಿಯಾಗಿ ಬರುತ್ತದೆ. ಮರಿಗಳಿದ್ದರೆ ಹದ್ದು ಕೂಡ ಹಗಲಿನಲ್ಲೇ. ಹೆಗ್ಗಣ, ಕಾಡುಬೆಕ್ಕು ರಾತ್ರಿಯ ಪಾಳಿಯವು. ಬೀದಿ ನಾಯಿಗಳಿಗೆ ಹೊತ್ತು ಗೊತ್ತು ಎರಡೂ ಇಲ್ಲ. ಕೋಳಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲ. ಕೂತಲ್ಲಿಯೇ ಕೂತು ಹಿಡಿಸಿಕೊಳ್ಳುತ್ತದೆ, ಓಡುವುದಿಲ್ಲ. ಆದ್ದರಿಂದ ಗೂಡು ರಾತ್ರಿಯ ಕಟ್ಟಡ ಎಂದು ತಿಳಿದು ಕಟ್ಟಬೇಕು. ಚಿಲಕವೂ ಹಾಗೆಯೇ. ಮೇಲಕ್ಕೆ ಎತ್ತಿದರೆ ತೆರೆಯುವ ಕೊಕ್ಕೆ ಸಾಲದು. ಅಡ್ಡ ಸರಿಯುವ ಅಗಳಿ, ಅದರ ತೂತಿಗೆ ಒಂದು ಬೀಗ. ಬೀಗ ಯಾಕೆ ಎಂದರೆ, ಊರಿನಲ್ಲಿ ಎರಡು ಕಾಲಿನ ಬೆಕ್ಕುಗಳೂ ಇರುತ್ತವೆ, ಹಬ್ಬದ ಮುನ್ನಾದಿನ ಅವುಗಳ ಓಡಾಟ ಹೆಚ್ಚು.

ಇನ್ನು ಮಣ್ಣು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಬೇರೆ ಊರಿನವರು ಹೇಳುವ ಉಪಾಯ ನಮ್ಮ ಎರೆ ಮಣ್ಣಿನಲ್ಲಿ, ಅಂದರೆ ಕಪ್ಪು ಜಿಗುಟು ಮಣ್ಣಿನಲ್ಲಿ, ನಡೆಯುವುದಿಲ್ಲ. ಎಲ್ಲರೂ ಹೇಳುವುದು ಇದು: ಗೂಡಿನ ಸುತ್ತ ಒಂದು ಅಡಿ ಆಳದ ಕಾಲುವೆ ತೋಡಿ ಜಾಲರಿ ಹೂಳಿ, ಆಗ ಯಾವ ಪ್ರಾಣಿಯೂ ಕೆಳಗಿನಿಂದ ತೂತು ಕೊರೆದು ಬರುವುದಿಲ್ಲ. ಕೆಂಪು ಮಣ್ಣಿನಲ್ಲಿ ಇದು ಒಳ್ಳೆಯ ಮಾತು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್ ಹೊತ್ತಿಗೆ ನೆಲ ಬಿರಿದು ಕೈ ತೂರುವಷ್ಟು ಬಾಯಿ ಬಿಡುತ್ತದೆ, ಆ ಬಿರುಕುಗಳು ಒಂದು ಅಡಿಗಿಂತ ಎಷ್ಟೋ ಕೆಳಗಿನವರೆಗೆ ಹೋಗುತ್ತವೆ. ಹೂತ ಜಾಲರಿಯ ಕೆಳಗೇ ಹೆಗ್ಗಣಕ್ಕೆ ಸಿದ್ಧ ಸುರಂಗ. ಮಳೆಗಾಲ ಬಂದರೆ ಇನ್ನೊಂದು ತೊಂದರೆ: ನೆಲದಲ್ಲಿ ನೆಟ್ಟ ಗೂಟಗಳನ್ನು ಮಣ್ಣು ಒಂದು ಕಡೆ ಎತ್ತಿ, ಇನ್ನೊಂದು ಕಡೆ ಬಿಟ್ಟು ವಾಲಿಸುತ್ತದೆ. ಗೂಟ ಒಂದು ಇಂಚು ವಾಲಿದರೆ ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲ. ಬಾಗಿಲು ಕೂರದ ಗೂಡಿಗೆ ಎಷ್ಟು ಒಳ್ಳೆಯ ಜಾಲರಿ ಹೊಡೆದರೂ ಏನು ಪ್ರಯೋಜನ?

ಹಾಗಾಗಿ ನಾವು ಏನನ್ನೂ ನೆಲದೊಳಗೆ ನೆಡಲಿಲ್ಲ. ಗೂಡಿಗಿಂತ ಎರಡು ಅಡಿ ಅಗಲವಾಗಿ ಅರ್ಧ ಅಡಿ ಗರಸು, ಅಂದರೆ ಕಲ್ಲುಮಿಶ್ರಿತ ಗಟ್ಟಿ ಮಣ್ಣು, ಹಾಕಿ ದಮ್ಮಸು ಮಾಡಿದೆವು. ಪಕ್ಕದ ಓಣಿಯಲ್ಲಿ ಮನೆ ಕಟ್ಟುತ್ತಿದ್ದವರು ಉಳಿದ ಗರಸನ್ನು ಎತ್ತಿಕೊಂಡು ಹೋದರೆ ಸಾಕು ಎಂದಿದ್ದರು. ಅದರ ಮೇಲೆ ನಾಲ್ಕು ಫರಸಿ ತುಂಡು, ಫರಸಿಯ ಮೇಲೆ ಗೂಡಿನ ನಾಲ್ಕು ಕಾಲು. ಗೂಡು ನೆಲದಿಂದ ಎರಡು ಅಡಿ ಮೇಲೆ ನಿಂತಿದೆ. ಮಣ್ಣು ತನಗೆ ಬೇಕಾದಂತೆ ಉಬ್ಬಲಿ, ಕುಗ್ಗಲಿ. ಇಡೀ ಗೂಡು ಒಟ್ಟಿಗೆ ಏರುತ್ತದೆ, ಒಟ್ಟಿಗೆ ಇಳಿಯುತ್ತದೆ. ವರ್ಷಕ್ಕೊಮ್ಮೆ ಯಾವುದಾದರೂ ಕಾಲಿನ ಕೆಳಗೆ ತೆಳ್ಳನೆಯ ಹಂಚಿನ ಚೂರು ತುರುಕಿ ಸಮ ಮಾಡಿದರೆ ಆಯಿತು. ಕಾಲುಗಳಿಗೆ ನಡುವೆ ಒಂದು ಮೊಳ ನುಣುಪು ತಗಡು ಸುತ್ತಿದ್ದೇವೆ, ಹೆಗ್ಗಣದ ಉಗುರು ಅದರ ಮೇಲೆ ನಿಲ್ಲುವುದಿಲ್ಲ. ಎತ್ತರಿಸಿದ್ದರಿಂದ ಇನ್ನೊಂದು ಲಾಭವೂ ಸಿಕ್ಕಿತು: ಮಧ್ಯಾಹ್ನದ ಬಿಸಿಲಿನಲ್ಲಿ ಕೋಳಿಗಳು ಗೂಡಿನ ಕೆಳಗಿನ ನೆರಳಿನಲ್ಲಿಯೇ ಮಣ್ಣು ಕೆದರಿ ಧೂಳಿನ ಸ್ನಾನ ಮಾಡುತ್ತವೆ. ಅದಕ್ಕೆ ಒಲೆಯ ಬೂದಿ ಒಂದು ಬುಟ್ಟಿ ಸುರಿದರೆ ಹೇನಿಗೂ ಮದ್ದು.

ಸಾಮಾನಿನ ವಿಷಯಕ್ಕೆ ಬಂದರೆ, ಗದಗಿನಂಥ ಊರಿನಲ್ಲಿ ಇರುವುದು ಒಂದು ಭಾಗ್ಯ. ಇದು ಮುದ್ರಣಕ್ಕೆ ಹೆಸರಾದ ಊರು, ಬೆಟಗೇರಿ ನೇಕಾರರ ಊರು. ಎರಡೂ ಕಸುಬುಗಳು ಗೂಡಿಗೆ ಬೇಕಾದದ್ದನ್ನು ಬಿಸಾಡುತ್ತವೆ. ಪ್ರೆಸ್ಸುಗಳಲ್ಲಿ ಒಂದು ಕೆಲಸಕ್ಕೆ ಬಳಸಿ ಬಿಟ್ಟ ಆಫ್‌ಸೆಟ್ ಪ್ಲೇಟುಗಳು ಅಪ್ಪಟ ಅಲ್ಯೂಮಿನಿಯಮ್ ಹಾಳೆಗಳು. ತುಕ್ಕು ಹಿಡಿಯುವುದಿಲ್ಲ, ಮನೆಯ ಕತ್ತರಿಯಲ್ಲಿಯೇ ಕತ್ತರಿಸಬಹುದು, ಕಿಲೋ ಲೆಕ್ಕದಲ್ಲಿ ಸಿಗುತ್ತವೆ. ಸೀಮೆಎಣ್ಣೆಯಲ್ಲಿ ಶಾಯಿ ಒರೆಸಿ, ಸಾಬೂನಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿದರೆ ಗೂಡಿನ ಒಳಗೋಡೆಗೂ ತಳಕ್ಕೂ ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ. ಒಣಗಿದ ಹಿಕ್ಕೆ ಒಂದು ಸಲ ಕೆರೆದರೆ ಪೂರ್ತಿ ಎದ್ದು ಬರುತ್ತದೆ. ಆಫ್‌ಸೆಟ್ ಪ್ಲೇಟಿನಲ್ಲಿ ಅಕ್ಷರಗಳು ಹಿಂದುಮುಂದಾಗಿರುವುದಿಲ್ಲ, ನೇರವಾಗಿಯೇ ಓದಬಹುದು. ನಮ್ಮ ಗೂಡಿನ ಬಲಗೋಡೆಯಲ್ಲಿ ಯಾರದೋ ಲಗ್ನಪತ್ರಿಕೆ ಇದೆ. ಮಸುಕು ನೀಲಿ ಬಣ್ಣದಲ್ಲಿ ಮೇಲೊಂದು ಗಣಪತಿ, ಕೆಳಗೆ "ತಮ್ಮ ಸುಖಾಗಮನವನ್ನು ಬಯಸುವ" ಎಂಬ ಸಾಲು, ಅದರ ಕೆಳಗೆ ಬಂಧುಗಳ ಉದ್ದ ಪಟ್ಟಿ. ಆ ಸಾಲಿಗೆ ಎದುರಾಗಿಯೇ ಕೋಳಿಗಳು ಒಳಗೆ ಬರುವ ಕಿಂಡಿ ಬಂದಿದೆ. ಇದನ್ನು ನಾನು ಬೇಕೆಂದೇ ಮಾಡಿದ್ದು ಎಂದು ಮಕ್ಕಳು ನಂಬಿದ್ದಾರೆ, ನಂಬಲಿ.

ಇನ್ನೊಂದು, ಮಗ್ಗದ ಮರ. ನಮ್ಮ ಕಡೆ ಮನೆಮನೆಯಲ್ಲಿದ್ದ ಕೈಮಗ್ಗಗಳು ಒಂದೊಂದಾಗಿ ಅಟ್ಟ ಸೇರಿ, ಅಟ್ಟದಿಂದ ಗುಜರಿ ಸೇರುತ್ತಿವೆ. ಗುಜರಿಯ ಅಂಗಡಿಯಲ್ಲಿ ಗೋಡೆಗೆ ಒರಗಿಸಿದ್ದ ಒಂದು ಅಡ್ಡಮರ ಕಣ್ಣಿಗೆ ಬಿತ್ತು. ಸಾಗುವಾನಿ, ಕೈ ಆಡಿ ಆಡಿ ಕನ್ನಡಿಯಂತಾಗಿತ್ತು, ಅಂಚುಗಳು ತಾವಾಗಿಯೇ ಸವೆದು ದುಂಡಗಾಗಿದ್ದವು. "ಅಕ್ಕಾ, ಇದನ್ನು ಉರಿಸಲು ಒಯ್ಯುತ್ತಾರೆ, ನೀವು ಏನು ಮಾಡುತ್ತೀರಿ?" ಎಂದು ಅಂಗಡಿಯವನು ಕೇಳಿದ. ಕೋಳಿ ಕೂರಲು ಎಂದೆ. ಅವನು ನಕ್ಕು ₹50 ಇಳಿಸಿದ. ಎಷ್ಟು ಪೀತಾಂಬರ ಕಂಡಿದ್ದ ಮರವೋ! ಅದನ್ನು ಕೋಳಿಯ ಕಾಲ ಕೆಳಗೆ ಹಾಕಿದ್ದಕ್ಕೆ ಬೇಸರವೂ ಇದೆ, ಒಲೆಗೆ ಹೋಗುವುದು ತಪ್ಪಿತಲ್ಲ ಎನ್ನುವ ಸಮಾಧಾನವೂ ಇದೆ. ಹಳೆಯ ಮರದಲ್ಲಿ ಮೊಳೆಯ ತೂತುಗಳು ಇದ್ದೇ ಇರುತ್ತವೆ. ಕೋಳಿ ಉಣ್ಣೆಗಳು ಹಗಲು ಅಂಥ ತೂತುಗಳಲ್ಲಿ ಅಡಗಿದ್ದು ರಾತ್ರಿ ಹೊರಬಂದು ರಕ್ತ ಹೀರುತ್ತವೆ. ತೂತುಗಳಿಗೆ ಗಟ್ಟಿ ಸುಣ್ಣ ಮೆತ್ತಿ, ಮೇಲೆ ಬೇವಿನ ಎಣ್ಣೆ ಸವರಿದರೆ ಆಯಿತು.

ಆ ಅಡ್ಡಮರದ ಅಳತೆಯನ್ನು ಕೋಳಿಯೇ ಹೇಳಬೇಕು. ಕೂರಲು ಒಂದು ಕೋಳಿಗೆ ಸುಮಾರು ಒಂಬತ್ತು ಇಂಚು ಜಾಗ ಬೇಕು. ಐದು ಕೋಳಿಗೆ 45 ಇಂಚು. ನಾಲ್ಕು ಅಡಿ ಎಂದರೆ 48. ಕೂರುವ ಮರ ತತ್ತಿ ಇಡುವ ಪೆಟ್ಟಿಗೆಗಿಂತ ಎತ್ತರದಲ್ಲಿರಬೇಕು. ಕೋಳಿ ರಾತ್ರಿ ಯಾವಾಗಲೂ ಇರುವುದರಲ್ಲಿ ಎತ್ತರದ ಜಾಗ ಹುಡುಕುತ್ತದೆ. ಪೆಟ್ಟಿಗೆ ಮೇಲಿದ್ದರೆ ಅದರಲ್ಲಿಯೇ ಮಲಗಿ ಗಲೀಜು ಮಾಡುತ್ತದೆ, ಮರುದಿನ ತತ್ತಿಯೂ ಗಲೀಜು. ತತ್ತಿಯ ಪೆಟ್ಟಿಗೆ ಒಂದು ಅಡಿ ಚೌಕದ್ದು ಸಾಕು, ನಾಲ್ಕೈದು ಹೇಂಟೆಗಳಿಗೆ ಒಂದು. ನಾವು ಟೊಮೆಟೊ ಬರುವ ಹಳೆಯ ಕ್ರೇಟಿಗೆ ಹುಲ್ಲು ಹಾಸಿ ಎರಡು ಇಟ್ಟೆವು. ಎರಡೂ ಒಂದೇ ಬಗೆಯವು, ಅಕ್ಕಪಕ್ಕದಲ್ಲೇ ಇವೆ. ಐದೂ ಕೋಳಿಗಳು ಎಡಗಡೆಯದಕ್ಕೇ ಸರದಿ ನಿಲ್ಲುತ್ತವೆ, ಒಳಗಿರುವವಳು ತಡ ಮಾಡಿದರೆ ಹೊರಗಿನವಳು ಬೈಯುತ್ತಾಳೆ. ಬಲಗಡೆಯ ಪೆಟ್ಟಿಗೆಯಲ್ಲಿ ಈಗ ನಾನು ಕೊಡಲಿ, ಕುರ್ಚಿಗಿ ಇಡುತ್ತೇನೆ.

ಗಾಳಿಯ ಮಾತು ಗದಗಿನವರಿಗೆ ಹೇಳಿಕೊಡಬೇಕಿಲ್ಲ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಮುಂಗಾರಿನ ಗಾಳಿ ಪಡುವಣದಿಂದ ಮಳೆಯನ್ನು ಅಡ್ಡಡ್ಡ ಹೊತ್ತು ತರುತ್ತದೆ, ಹಾಗಾಗಿ ಪಡುವಣ ಗೋಡೆ ಪೂರ್ತಿ ಮುಚ್ಚಿ, ಮೂಡಣಕ್ಕೂ ಬಡಗಣಕ್ಕೂ ಜಾಲರಿ ಬಿಟ್ಟಿದ್ದೇವೆ. ಚಾವಣಿಯ ಇಳಿಜಾರಿನ ತಗ್ಗು ಬದಿ ಗಾಳಿಗೆ ಎದುರಾಗಿದೆ. ತಗಡಿನ ಮೇಲೆ ಕಲ್ಲು ಹೇರುವುದು ನಮ್ಮ ಕಡೆಯ ಹಳೆಯ ಪದ್ಧತಿ, ಆದರೆ ಕೊಕ್ಕೆ ಬೋಲ್ಟು ಹಾಕಿ ಬಿಗಿದರೆ ನಿದ್ದೆ ಚೆನ್ನಾಗಿ ಬರುತ್ತದೆ. ಬೇಸಿಗೆಗೆ ತಗಡು ಕಾವಲಿಯಂತೆ ಕಾಯುತ್ತದೆ, ಕೋಳಿಗೆ ಬೆವರುವ ಗ್ರಂಥಿಗಳೇ ಇಲ್ಲ. ಬಾಯಿ ತೆರೆದು ತೇಕುವುದೇ ಅದಕ್ಕಿರುವ ಮುಖ್ಯ ದಾರಿ. ಮಾರ್ಚಿಯಿಂದ ತಗಡಿನ ಮೇಲೆ ತೊಗರಿ ಕಟ್ಟಿಗೆಯ ತಡಿಕೆ ಹೊದಿಸಿ, ಅದರ ಮೇಲೆ ಒದ್ದೆ ಗೋಣಿಚೀಲ ಹಾಕುತ್ತೇವೆ. ತಡಿಕೆ ಮತ್ತು ತಗಡಿನ ನಡುವೆ ನಾಲ್ಕು ಬೆರಳು ಸಂದು ಬಿಟ್ಟರೆ ಗಾಳಿ ಆಡುತ್ತದೆ. ಗೋಡೆಗಳ ಮೇಲ್ತುದಿಯ ಜಾಲರಿಯನ್ನು ಚಳಿಗಾಲದಲ್ಲಿಯೂ ಮುಚ್ಚಬಾರದು. ಹಿಕ್ಕೆಯಿಂದ ಏಳುವ ಅಮೋನಿಯ ಹೊರಗೆ ಹೋಗದಿದ್ದರೆ ಕೋಳಿಯ ಕಣ್ಣು, ಶ್ವಾಸಕೋಶ ಎರಡೂ ಕೆಡುತ್ತವೆ. ನಿಮ್ಮ ತಲೆಯನ್ನು ಗೂಡಿನೊಳಗೆ ತೂರಿಸಿ ಉಸಿರೆಳೆದುಕೊಳ್ಳಿ. ಕಣ್ಣು ಚುರುಗುಟ್ಟಿದರೆ ಅವಕ್ಕೂ ಚುರುಗುಟ್ಟುತ್ತದೆ.

ತಳಿ ಯಾವುದು ಎನ್ನುವುದನ್ನು ಗೂಡು ಕಟ್ಟುವ ಮೊದಲೇ ತೀರ್ಮಾನಿಸಿದರೆ ಒಳ್ಳೆಯದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಹೊರತಂದ ಗಿರಿರಾಜ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸ್ವರ್ಣಧಾರಾ, ಇವೆರಡೂ ಹಿತ್ತಲಿಗೆಂದೇ ಬೆಳೆಸಿದ ತಳಿಗಳು. ಜವಾರಿ, ಅಂದರೆ ನಾಟಿ ಕೋಳಿಗಿಂತ ಹೆಚ್ಚು ತತ್ತಿ ಇಡುತ್ತವೆ. ಮೈಭಾರ ಹೆಚ್ಚಾದ್ದರಿಂದ ಕೂರುವ ಮರ ತಗ್ಗಿನಲ್ಲಿರಬೇಕು, ಎತ್ತರದಿಂದ ಧುಮುಕಿದರೆ ಪಾದಕ್ಕೆ ಪೆಟ್ಟಾಗಿ ಬಾವು ಬರುತ್ತದೆ. ಜವಾರಿ ಕೋಳಿ ತತ್ತಿಯಲ್ಲಿ ಜಿಪುಣ, ಆದರೆ ಕಾವಿಗೆ ಕೂರುತ್ತದೆ, 21 ದಿನ ಹಟ ಹಿಡಿದು ಕೂತು ಮರಿ ಮಾಡುತ್ತದೆ, ಕಂಪೌಂಡು ಗೋಡೆ ಹಾರುತ್ತದೆ, ನುಗ್ಗೆ ಗಿಡ ಹತ್ತುತ್ತದೆ. ನಮ್ಮದು ಮೂರು ಜವಾರಿ, ಎರಡು ಗಿರಿರಾಜ. ಗಿರಿರಾಜಗಳು ಮರದ ಮೇಲೆ ಗೌಡರಂತೆ ನಿಧಾನವಾಗಿ ಹತ್ತಿ ಕೂರುತ್ತವೆ, ಜವಾರಿಗಳು ಅಷ್ಟರೊಳಗೆ ಎರಡು ಸಲ ಜಾಗ ಬದಲಿಸಿರುತ್ತವೆ.

ನಮ್ಮ ಎಡಮನೆಯ ಕಾಕಾ ಶುದ್ಧ ಸಸ್ಯಾಹಾರಿಗಳು, ಪೂಜೆ ಪುನಸ್ಕಾರದವರು. ಗರಸು ಹಾಕಿದ ದಿನವೇ ಗೋಡೆಯ ಬಳಿ ಬಂದು ನಿಂತರು. ವಾಸನೆ ಬರಬಾರದು, ನಸುಕಿನಲ್ಲಿ ಕೂಗಬಾರದು, ಶ್ರಾವಣದಲ್ಲಿ ಅವರ ಅಂಗಳದಲ್ಲಿ ಪುಕ್ಕ ಬೀಳಬಾರದು. ಮೂರೂ ನ್ಯಾಯವಾದ ಮಾತುಗಳೇ. ಕೂಗುವುದಕ್ಕೆ ಹುಂಜವನ್ನೇ ತರುವುದಿಲ್ಲ ಎಂದೆ. ಅವರಿಗೆ ಹೊಸ ಸಂಶಯ ಹುಟ್ಟಿತು: "ಹುಂಜವೇ ಇಲ್ಲದೆ ತತ್ತಿ ಹೇಗೆ ಬರುತ್ತದೆ, ತಂಗೀ?" ಹೇಂಟೆಗೆ ತತ್ತಿ ಇಡಲು ಹುಂಜ ಬೇಕಿಲ್ಲ, ಮರಿಯಾಗಲು ಮಾತ್ರ ಬೇಕು, ನಮ್ಮ ತತ್ತಿಯಲ್ಲಿ ಜೀವವೇ ಇರುವುದಿಲ್ಲ ಎಂದು ವಿವರಿಸಿದೆ. ಪೂರ್ತಿ ಕೇಳಿ, ತಲೆದೂಗಿ, "ಆದರೂ ಅದು ತತ್ತಿಯೇ" ಎಂದು ಒಳಗೆ ಹೋದರು. ಮರಿ ಬೇಕೆನಿಸಿದರೆ ತವರಿನಿಂದ ಫಲಿತ ತತ್ತಿ ತಂದು ಜವಾರಿಯ ಕೆಳಗಿಟ್ಟರೆ ಆಗುತ್ತದೆ.

ವಾಸನೆಗೆ ಶೇಂಗಾ ಸಿಪ್ಪೆ. ಎಣ್ಣೆ ಗಿರಣಿಗಳ ಊರಿನಲ್ಲಿ ಒಂದು ಚೀಲ ಸಿಪ್ಪೆ ತರುವುದು ಕಷ್ಟವಲ್ಲ. ಗೂಡಿನ ತಳಕ್ಕೆ ಮೂರು ನಾಲ್ಕು ಇಂಚು ಹರಡಿ, ದಿನ ಬಿಟ್ಟು ದಿನ ಕೋಲಿನಿಂದ ಮೇಲೆ ಕೆಳಗೆ ಮಾಡಿದರೆ ತೇವವನ್ನೆಲ್ಲ ಅದು ಎಳೆದುಕೊಳ್ಳುತ್ತದೆ. ವಾಸನೆ ಬರುವುದು ಹಿಕ್ಕೆಯಿಂದ ಎನ್ನುವುದಕ್ಕಿಂತ ಅದರ ತೇವದಿಂದ. ಸಿಪ್ಪೆ ತರುವಾಗ ಬೂಷ್ಟು ಹಿಡಿದಿಲ್ಲವೇ ನೋಡಿ; ಬೂಷ್ಟು ಕೋಳಿಯ ಶ್ವಾಸಕ್ಕೆ ವಿಷ. ಹಳತಾದ ಸಿಪ್ಪೆಯನ್ನು ತಿಪ್ಪೆಗೆ ಹಾಕಿ ಕೆಲವು ತಿಂಗಳು ಕೊಳೆಸಿದರೆ ಗೊಬ್ಬರ. ಹಸಿ ಹಿಕ್ಕೆ ನೇರವಾಗಿ ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಕಾಕಾ ಅವರ ದಾಸವಾಳಕ್ಕೂ ಇದೇ ಗೊಬ್ಬರ ಹೋಗುತ್ತದೆ. ಗೋಡೆಯ ಮೇಲೆ ಬುಟ್ಟಿ ಇಟ್ಟರೆ ಬುಟ್ಟಿ ಖಾಲಿಯಾಗಿ ವಾಪಸು ಬರುತ್ತದೆ, ಆ ಬಗ್ಗೆ ಇಬ್ಬರೂ ಮಾತನಾಡುವುದಿಲ್ಲ.

ಗೂಡು ಎಷ್ಟೇ ಭದ್ರವಾಗಿದ್ದರೂ ಕೊಕ್ಕರೆ ರೋಗ (ರಾಣಿಖೇತ್) ಜಾಲರಿಯ ಕಣ್ಣಿನೊಳಗಿಂದ ಬರುತ್ತದೆ. ಮರಿಗಳಿಗೆ ಮೊದಲ ವಾರದಲ್ಲಿಯೇ ಲಸೋಟಾ ಲಸಿಕೆಯ ಹನಿ ಕಣ್ಣಿಗೋ ಮೂಗಿಗೋ ಬೀಳಬೇಕು, ಮುಂದೆ ಆರೆಂಟು ವಾರಕ್ಕೆ ಚುಚ್ಚುಮದ್ದು. ಲಸಿಕೆಯ ಬಾಟಲಿ ಐದಾರು ಕೋಳಿಗೆಂದು ಸಿಗುವುದಿಲ್ಲ. ಒಮ್ಮೆ ಕಲಸಿದರೆ ಬೇಗ ಮುಗಿಸಲೂ ಬೇಕು. ಓಣಿಯಲ್ಲಿ ಕೋಳಿ ಸಾಕಿದವರನ್ನೆಲ್ಲ ಒಂದೇ ದಿನ ಕೂಡಿಸಿಕೊಂಡರೆ ಪಾಲಿಗೆ ಬರುವುದು ಚಿಲ್ಲರೆ ದುಡ್ಡು.

ಲೆಕ್ಕ ಕೇಳುವವರಿಗೆ: ಒಂದು ಹೇಂಟೆ ದಿನಕ್ಕೆ 100 ರಿಂದ 120 ಗ್ರಾಂ ತಿನ್ನುತ್ತದೆ. ಐದಕ್ಕೆ ಅರ್ಧ ಕಿಲೋದಷ್ಟು. ಅದರಲ್ಲಿ ಅರ್ಧ ಜೋಳದ ನುಚ್ಚು, ಗೋವಿನ ಜೋಳ, ಅಡುಗೆಮನೆಯ ಉಳಿಕೆಯಲ್ಲಿ ನಡೆಯುತ್ತದೆ. ಬೇಸಿಗೆಯಲ್ಲಿ, ಪುಕ್ಕ ಉದುರಿಸುವ ಕಾಲದಲ್ಲಿ ತತ್ತಿ ನಿಂತೇ ಹೋಗುತ್ತದೆ, ಆದರೆ ತಿನ್ನುವುದು ನಿಲ್ಲುವುದಿಲ್ಲ. ಜವಾರಿ ತತ್ತಿಗೆ ಪೇಟೆಯಲ್ಲಿ ಇರುವ ಬೆಲೆಯನ್ನು ಹಿಡಿದರೆ ಕೈಗೆ ಕೈ ಸರಿಹೋಗುತ್ತದೆ, ಫಾರಂ ತತ್ತಿಯ ಬೆಲೆ ಹಿಡಿದರೆ ನಷ್ಟ. ಉಳಿತಾಯಕ್ಕೆಂದು ಕೋಳಿ ಸಾಕುವವರಿಗೆ ನಾನು ಉತ್ತೇಜನ ಕೊಡುವುದಿಲ್ಲ. ಬಡಿಗೇರರನ್ನು ಕರೆಸಿದ್ದರೆ ಅವರ ಕೂಲಿಯೇ ನಮ್ಮ ಜಾಲರಿಯ ಖರ್ಚನ್ನು ಮುಟ್ಟುತ್ತಿತ್ತು. ಮೊಳೆ ಹೊಡೆದದ್ದು ನಮ್ಮದೇ ಕೈ ಆದ್ದರಿಂದ ಐದು ಸಾವಿರ ಐದು ಸಾವಿರವಾಗಿಯೇ ಉಳಿಯಿತು.

ಈ ಸಲ ರೋಹಿಣಿ ಮಳೆಗೆ ಮೊದಲು ಪಡುವಣ ಗೋಡೆಗೆ ಹೊರಗಿನಿಂದ ಇನ್ನೊಂದು ಪದರ ಪ್ಲೇಟು ಹೊಡೆಯಬೇಕಿದೆ. ಪ್ರೆಸ್ಸಿನವರನ್ನು ಕೇಳಿದ್ದೇನೆ. "ಚುನಾವಣೆ ಬರಲಿ ತಾಳಿ, ಅಕ್ಕಾ, ಬೇಕಾದಷ್ಟು ದೊಡ್ಡ ಸೈಜಿನವು ಸಿಗುತ್ತವೆ" ಎಂದಿದ್ದಾರೆ. ಯಾವ ಪಕ್ಷದ್ದು ಕೊಟ್ಟರೂ ಆದೀತು, ಮುಖ ಒಳಗಡೆಗೆ ಬರುವಂತೆ ಹೊಡೆಯುತ್ತೇನೆ.